ಕೈಗುಣ

ತ್ಬಿಲಿಸಿಯಿಂದ ಬಂದ ಹುಡುಗ ಕೇಳಿದ:
ನಿಮ್ಮ ಚಿತ್ರಗಳ ಮೇಲೆ ಯಾರ ಪ್ರಭಾವ?
ಪೆನ್ನಿನ ಮುಚ್ಚಳ ತೆಗೆದು ಕೂತ,
ನನ್ನ ಬಾಯಿಂದ ಪ್ಯಾರಿಸ್ಸೋ ಫ್ಲಾರೆನ್ಸೋ
ಉದುರಲೆಂದು.

ಬಚ್ಚಲ ಕನ್ನಡಿಯ ಹಿಂದಿನ ಕಪಾಟು ತೆರೆದು ತೋರಿಸಿದೆ.

ಅಮ್ಮ ನಾಜಿಬ್ರೋಲ, ರುಸ್ತಾವಿಯ ಏಳನೇ ನಂಬರು ದವಾಖಾನೆಯ ನರ್ಸು.
ಉಕ್ಕಿನ ಕುಲುಮೆ ಆರಿದ ವರ್ಷ
ಸಂಬಳಕ್ಕೆ ಬದಲು ಸಾಮಾನು ಕೊಟ್ಟರು:
ಹತ್ತಿಯ ಉಂಡೆ, ಅಯೋಡಿನ್ನು,
ಕಿರುಬೆರಳುದ್ದದ ಸೀಸೆಗಳಲ್ಲಿ
ಮುನ್ನೂರು ಹಸಿರು ಔಷಧ.
ಬಣ್ಣದ ಅಂಗಡಿಗೆ ಆಗಲೇ ಹಲಗೆ ಹೊಡೆದಾಗಿತ್ತು.

ನನಗೆ ಒಂಬತ್ತು. ಮೈತುಂಬ ಸೀತಾಳೆ ಸಿಡುಬು.
ಅಮ್ಮ ಬೆಂಕಿಕಡ್ಡಿಗೆ ಹತ್ತಿ ಸುತ್ತಿ
ಗುಳ್ಳೆಗೊಂದು ಹಸಿರು ಚುಕ್ಕಿ ಇಟ್ಟಳು,
ಎಣಿಸುತ್ತ ಇಟ್ಟಳು, ನೂರ ನಲವತ್ತೆರಡು.
ಕೆರೆಯಬೇಡ ಅಂದಳು.
ಕೆರೆಯಲಿಲ್ಲ.
ಅವಳು ಡ್ಯೂಟಿಗೆ ಹೋದ ಮೇಲೆ
ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದೆ.
ಹೊಟ್ಟೆಯ ಮೇಲೊಂದು ಮೇಕೆ ಎದ್ದು ನಿಂತಿತು,
ಉಸಿರಾಡಿದಾಗೆಲ್ಲ ಮೇಯುತ್ತ.

ಆ ಚಳಿಗಾಲವೆಲ್ಲ ಕರೆಂಟಿಲ್ಲ.
ಸೀಮೆಎಣ್ಣೆ ದೀಪ ಹಚ್ಚುವಳು,
ಪಕ್ಕದ ಮನೆಯವರ ಗಾಯಕ್ಕೆ ಮದ್ದು ಹಚ್ಚುವಳು,
ಉಳಿದ ಬೆರಳಲ್ಲೇ ನನ್ನ ರೊಟ್ಟಿಗೆ ಕೊಬ್ಬು ಹಚ್ಚುವಳು.
ನಾನು ಬಣ್ಣ ಹಚ್ಚುವುದು ಬೇರೆ ಕೆಲಸವೆಂದು
ಯಾರೂ ನನಗೆ ಹೇಳಿಕೊಡಲಿಲ್ಲ.

ಬರೆದುಕೋ, ಇರೋದಿ ಅಂತ ಒಬ್ಬ.
ಎಕ್ಸ್‌ರೇ ಕೋಣೆಯವನು. ರದ್ದಿ ಫಿಲ್ಮುಗಳನ್ನು
ಕಿಟಕಿಗೆ ಹಿಡಿದು ಪರಿಚಯ ಮಾಡಿಸುವನು:
ಇದು ಬೀಡಿ ಸೇದುವವನ ಎದೆ,
ಇದು ಹಾಡುವವಳದು, ನೋಡು ಪಕ್ಕೆಗಳು ಹೇಗೆ ಅಗಲ.
ಸುಳ್ಳೇ ಇರಬೇಕು.
ಸೂಜಿಯಿಂದ ಕೆರೆದು ಕೆರೆದು
ಹಾಡುವವಳೊಳಗೆ ಒಂದು ಕಾಜಾಣ ಕೂರಿಸಿದೆ.
ಕತ್ತಲನ್ನು ಬಳಿಯುವುದಲ್ಲ, ಕೆರೆದು ತೆಗೆಯುವುದು
ಎಂದು ಕಲಿತದ್ದು ಅಲ್ಲಿ. ಯಾವ ಅಕಾಡೆಮಿಯಲ್ಲೂ ಅಲ್ಲ.

ಕೆಟ್ಟದ್ದೂ ಬೇಕಾದಷ್ಟಿದೆ.
ಟೂತ್‌ಪೇಸ್ಟಿನಲ್ಲಿ ಹಿಮ ಬಳಿದೆ, ಇರುವೆ ಮುತ್ತಿದವು.
(ಓಡಿಸಲಿಲ್ಲ. ಆ ಕತೆಗೆ ಹೇಗೂ ಗುಳೆ ಹೋಗುವ ಜನ ಬೇಕಿತ್ತು.)
ಪರ್ಮಾಂಗನೇಟಿನ ಹರಳು ನೀರಿಗೆ ಬಿದ್ದರೆ ದ್ರಾಕ್ಷಿ,
ಕಾಗದಕ್ಕೆ ಬಿದ್ದರೆ ಬೆಳಗಾಗುವುದರೊಳಗೆ ಮಣ್ಣು.
ಬಣ್ಣ ಬಯಲಾಗುವುದೆಂದರೆ ಅದೇ.
ಮಾವ ವಾರ್ದೆನ್‌ಗೆ ರಾತ್ರಿ ನೇರಳೆ ಕೋಟು ತೊಡಿಸಿದ್ದೆ;
ಬೆಳಿಗ್ಗೆ ಉತ್ತ ಹೊಲದ ಹಾಗೆ ನಿಂತಿದ್ದ.
ಕುಲುಮೆ ಬಿಟ್ಟು ಆಲೂಗಡ್ಡೆ ಅಗೆಯುತ್ತಿದ್ದವನು
ಚಿತ್ರ ನೋಡಿ ಅಂದ: ಈಗ ಸರಿಹೋಯಿತು.

ಆಲೂಗಡ್ಡೆಯಿಂದಲೇ ಬಂತು ಸಮುದ್ರ.
ಬೇಯಿಸಿದ ಗಂಜಿನೀರಲ್ಲಿ ಕುಂಚ ಅದ್ದಿ
ಕಣ್ಣಿಗೆ ಕಾಣದಂತೆ ಬರೆದು,
ಮೇಲೆ ಅಯೋಡಿನ್ ಸವರಿದರೆ
ಇಲ್ಲದ ಕಡೆಯಿಂದ ಕಡುನೀಲಿ ಏಳುತ್ತದೆ.
ಅಮ್ಮನ ಕೊನೆಯ ತಿಂಗಳು ಅವಳ ಕೈಯನ್ನು ಹಾಗೆ ಬರೆದೆ.
ಪುಸ್ತಕದ ಹನ್ನೊಂದನೇ ಪುಟ. ಅಚ್ಚಾಯಿತು. ಹೊಗಳಿದರು.

ಆರು ವರ್ಷದ ಮೇಲೆ ಪ್ರಕಾಶಕರ ಫೋನು:
ಪೆಟ್ಟಿಗೆ ತೆಗೆದೆವು, ಮೂಲಚಿತ್ರ ಇಲ್ಲ,
ಹನ್ನೊಂದರಲ್ಲಿ ಬರೀ ಬಿಳಿ ಹಾಳೆ ಇದೆ.
ಅಯೋಡಿನ್ ಹಾಗೇ, ಗಾಳಿಗೆ ಹೊರಟುಬಿಡುತ್ತದೆ.

ನಷ್ಟ ಅಲ್ಲವೇ, ಎಂದ ಹುಡುಗ.
ಏನು ಹೇಳಲಿ?
ಬ್ಯಾಂಡೇಜು ಬಿಚ್ಚಿದ ದಿನ
ಅಮ್ಮ ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು,
ಗುರುತೂ ಉಳಿದಿಲ್ಲ ಅನ್ನುತ್ತಿದ್ದಳು, ಹೆಮ್ಮೆಯಿಂದ.
ಹಾಳೆ ಗುಣವಾಗಿದೆ, ಅಂದೆ.

ಅವನು ಬರೆದುಕೊಳ್ಳಲಿಲ್ಲ.
ಅವಸರದಲ್ಲಿ ಪುಟ ಮಗುಚಿ ಹೆಬ್ಬೆರಳು ಕೊಯ್ದುಕೊಂಡಿದ್ದ,
ಕೂದಲೆಳೆಯಷ್ಟು ರಕ್ತ.
ಮುನ್ನೂರರಲ್ಲಿ ಉಳಿದ ನಾಲ್ಕನೇ ಸೀಸೆ ತೆಗೆದು
ಬೆಂಕಿಕಡ್ಡಿಗೆ ಹತ್ತಿ ಸುತ್ತಿದೆ.
ಉರಿಯುತ್ತೆ, ಊದಿಕೋ.

ಸಂಜೆಯ ವ್ಯಾನಿನಲ್ಲಿ ಹೊರಟುಹೋದ,
ಹಸಿರು ಹೆಬ್ಬೆರಳನ್ನು ಗಾಜಿಗೆ ಒತ್ತಿಕೊಂಡು.